ಧೋತರದ ತುದಿ

ಬೀಗದಲ್ಲಿ ಕೀಲಿಕೈ ಹಾಕಿದ ರಾಯಪ್ಪ ಅದನ್ನು ತಿರುವದೆ ಹಾಗೇ ನಿಂತಿದ್ದ. ಬಾಗಿಲಿನ ಆಚೆ, ಬೀರಪ್ಪನ ಗುಡಿಯ ಆ ಸಣ್ಣ ಕೋಣೆಯಲ್ಲಿ, ಹನ್ನೊಂದು ಡೊಳ್ಳುಗಳು ಗೂಟಕ್ಕೆ ತೂಗುತ್ತಿದ್ದವು. ಕೆಳಗೆ ತಗಡಿನ ಡಬ್ಬಿಯಲ್ಲಿ ದೇವರ ಅರಿಷಿಣ, ಭಂಡಾರ; ಅದರ ಪಕ್ಕದಲ್ಲಿ ಮಡಿಚಿಟ್ಟ ದೇವರ ಕಂಬಳಿ. ನಲವತ್ತು ವರ್ಷದಿಂದ ಆ ಕೀಲಿಕೈ ಉದ್ದ ದಾರದಲ್ಲಿ ಅವನ ಉಡದಾರಕ್ಕೇ ಕಟ್ಟಿತ್ತು. ಕೆಂಪದಿನ್ನಿಯಲ್ಲಿ ಯಾವ ಹಿರಿಯರು ತೀರಿಕೊಂಡರೂ ಅವನು ಯಾರನ್ನೂ ಕೇಳದೆ ಈ ಬಾಗಿಲು ತೆರೆದು ಡೊಳ್ಳು ಹೊರಗಿಡುತ್ತಿದ್ದ. ಇವತ್ತು ಬೆನ್ನ ಹಿಂದೆ ಮೋಟರ್‌ಸೈಕಲ್ ಬಂದು ನಿಂತ ಸಪ್ಪಳಕ್ಕೆ ಅವನ ಕೈ ತಡೆದಿತ್ತು.

"ತಡೀರಿ ಕಾಕಾ."

ಉಮೇಶ. ಗುಡಿ ಕಮಿಟಿಯ ಅಧ್ಯಕ್ಷ. ಇನ್ನೂ ನಲವತ್ತು ದಾಟಿರದ ಹುಡುಗ, ದೂರದ ಸಂಬಂಧದಲ್ಲಿ ರಾಯಪ್ಪನಿಗೆ ಮಗನಾಗಬೇಕು.

"ಸಿದ್ರಾಯ ದೊಡ್ಡಪ್ಪನ ಸಲುವಾಗಿ ತಗ್ಯಾಕತ್ತೀರಿ?"

"ಮತ್ತ್ಯಾರ ಸಲುವಾಗಿಪಾ? ಇವತ್ತ ಊರಾಗ ಸತ್ತಾಂವ ಅಂವ ಒಬ್ಬನ."

ಉಮೇಶ ನಗಲಿಲ್ಲ. ಗಾಡಿಯಿಂದ ಇಳಿದು, ಚಪ್ಪಲಿ ಬಿಟ್ಟು, ಗುಡಿಯ ಕಡೆ ಒಮ್ಮೆ ಕೈಮುಗಿದು ಹತ್ತಿರ ಬಂದ. ಅವನ ತಲೆಯ ಮೇಲೆ, ಹೊಸದಾಗಿ ಬಣ್ಣ ಹೊಡೆದ ಗೋಡೆಯಲ್ಲಿ ದಪ್ಪ ಅಕ್ಷರಗಳಿದ್ದವು: 'ಇಲ್ಲಿ ಪ್ರತಿಯೊಂದು ಪ್ರಶ್ನೆಗೂ ಖಚಿತ ಉತ್ತರ ಸಿಗುತ್ತದೆ.'

"ಕಮಿಟಿ ಠರಾವ ಮಾಡೇತಿ ಕಾಕಾ, ಅಂವ ಈ ಗುಡಿ ಹೇಳಿಕಿ ಹೇಳಾಂವ ಅಲ್ಲ ಅಂತ. ಈಗ ದೇವರ ಕಂಬಳಿ ಹೊಚ್ಚಿ, ಡೊಳ್ಳ ಬಾರಿಸಿಕೋಂತ ಒಯ್ದ್ರ, ಆವತ್ತ ಅಂವ ಅಂದದ್ದು ಖರೆ ಅಂತ ನಾವ ಒಪ್ಪಿಕೊಂಡಂಗ ಆಗಂಗಿಲ್ಲೇನ್ರಿ? ಗೋಕಾಕದಿಂದ, ಹುಕ್ಕೇರಿಯಿಂದ ಮಂದಿ ಬರ್ತಾರ. ಇಲ್ಲೆ ಹೇಳಿದ್ದು ಹುಸಿ ಆಗಂಗಿಲ್ಲ ಅಂತ ನಂಬಿ ಬರ್ತಾರ."

ರಾಯಪ್ಪ ಕೀಲಿಕೈಯ ಮೇಲಿನ ಬೆರಳು ತೆಗೆಯಲಿಲ್ಲ.

"ಒಂದ ಕೆಲಸಾ ಮಾಡ್ರಿ," ಉಮೇಶ ದನಿ ಇಳಿಸಿದ. "ಆವತ್ತ ಮೈಯಾಗ ದೇವರ ಬಂದಿರಲಿಲ್ಲ, ಜ್ವರಾ ಬಂದಿತ್ತು ಅಂತ ದುಂಡವ್ವ ದೊಡ್ಡವ್ವ ಮಂದಿ ಮುಂದ ಒಂದ ಮಾತ ಹೇಳ್ಲಿ. ಸಾಕು. ಹನ್ನೊಂದೂ ಡೊಳ್ಳ ನಾನ ಹೊರಸಿ ಕಳಸ್ತೇನಿ. ನನಗೂ ಅಂವ ಬೇಕಾದಾಂವ್ರಿ ಕಾಕಾ. ಸಾಲಿಗಿ ಹೋಗಾಗ ಹಳ್ಳಾ ಬಂದ್ರ ಹೆಗಲ ಮ್ಯಾಲ ಕುಂಡ್ರಿಸಿಕೊಂಡ ದಾಟಿಸ್ಯಾನ."

"ಆಕಿ ಹೇಳಲಿಲ್ಲಂದ್ರ?"

ಉಮೇಶ ನೆಲ ನೋಡಿದ. "ನಾ ಬರ್ತೇನಿ ಮಣ್ಣಿಗಿ. ಗುಡಿ ಬರೂದಿಲ್ಲ."

*

ಆರು ವರ್ಷದ ಹಿಂದಿನ ಮಾತು. ದೊಡ್ಡ ನೆರೆ ಬಂದು ಇಳಿದಿದ್ದ ಶ್ರಾವಣದ ಅಮಾವಾಸ್ಯೆ.

ಪ್ರತಿ ಅಮಾವಾಸ್ಯೆಗೆ ಸಿದ್ರಾಯ ಬೀರಪ್ಪನೆದುರು ಕೂರುತ್ತಿದ್ದ. ಡೊಳ್ಳು ಏರುತ್ತಿದ್ದಂತೆ ದೇವರು ಅವನ ಮೈಯಲ್ಲಿ ಬರುತ್ತಿದ್ದ, ಮಂದಿ ಕೇಳಿದ್ದಕ್ಕೆ ಅವನ ಬಾಯಿಂದ ಹೇಳಿಕೆ ಹೇಳುತ್ತಿದ್ದ. ಮೈಮರೆತವನು ಸಾಲುದೀಪದ ಮೇಲೆ ಬೀಳಬಾರದೆಂದು ಅವನ ನಡುವಿಗೆ ಒಂದು ಬಿಳಿ ಧೋತರ ಹೊಸೆದು ಬಿಗಿಯುತ್ತಿದ್ದರು. ಅದರ ತುದಿಯನ್ನು ಮುಷ್ಟಿಗೆ ಸುತ್ತಿಕೊಂಡು ಹಿಂದೆ ನಿಲ್ಲುವುದು ರಾಯಪ್ಪನ ಕೆಲಸ. ಮೂವತ್ತು ವರ್ಷ ಹಾಗೆ ನಿಂತಿದ್ದ. ಹೇಳಿಕೆ ಹೇಳುವಾಗಿನ ಗೆಳೆಯನ ಮುಖವನ್ನು ಅವನೊಬ್ಬ ಮಾತ್ರ ನೋಡಿರಲಿಲ್ಲ. ಆದರೆ ದೇವರು ಬಂದದ್ದು, ಹೋದದ್ದು, ಬಾರದೆ ಉಳಿದದ್ದು ಎಲ್ಲ ಅವನ ಅಂಗೈಗೆ ತಿಳಿಯುತ್ತಿತ್ತು.

ಬಾರದೆ ಉಳಿದ ದಿನಗಳೂ ಇದ್ದವು. ಅಂಥ ದಿನ ಮಂದಿ ಚದುರಿದ ಮೇಲೆ ಗುಡಿಯ ಹಿಂದೆ ಕೂತು ಎಲೆಗೆ ಸುಣ್ಣ ಸವರುತ್ತ ಸಿದ್ರಾಯನೇ ಹೇಳುತ್ತಿದ್ದ: "ಇವತ್ತ ಅಂವ ಬರಲಿಲ್ಲೋ ರಾಯಾ. ನಾನ ಅಳ್ಳಾಡಿದೆ."

"ಗೊತ್ತಾತು ಬಿಡು. ಎಮ್ಮಿ ಮೈ ಝಾಡಿಸಿದಂಗ ಇತ್ತು."

"ಏನ ಮಾಡೂದು, ಅಷ್ಟ ದೂರದಿಂದ ಬಂದಿರತಾರ. ಮಳಿ ಬರತೈತಿ, ಕಳದ ಎತ್ತ ಸಿಗತೈತಿ ಅಂದೆ." ಆಮೇಲೆ ಎಲೆ ಬಾಯಿಗಿಟ್ಟುಕೊಂಡು, "ಅಂವ ಬರಲಾರದ ದಿನಾನ ನನಗ ಎಲ್ಲಾ ಗೊತ್ತಿರತೈತಿ ನೋಡು," ಎನ್ನುತ್ತಿದ್ದ. ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

ಆ ಶ್ರಾವಣದ ಅಮಾವಾಸ್ಯೆಗೆ ಯಮಕನಮರಡಿಯಿಂದ ಜಿನ್ನವ್ವ ಎಂಬ ಜೈನರ ಹೆಣ್ಣುಮಗಳು ಗಂಡ ಧನಪಾಲನ ಜೊತೆ ಬಂದಳು. ಮಗ ಗೊಮ್ಮಟೇಶ ಗೋಕಾಕ ಫಾಲ್ಸ್‌ನ ಗೆಳೆಯನ ಮನೆಗೆಂದು ಹೋದವನು ನೆರೆಯ ದಿನ ತಿರುಗಿ ಬಂದಿರಲಿಲ್ಲ. ನೀರಿಳಿದ ಮೇಲೆ ಹೊಳೆದಂಡೆಯ ಮುಳ್ಳುಕಂಟಿಯಲ್ಲಿ ಅವನ ಗಾಡಿಯಷ್ಟೇ ಸಿಕ್ಕಿತ್ತು.

"ಯಪ್ಪಾ, ಮೂರ ಕಡೆ ಕೇಳೇನಿ," ಎಂದಳು ಜಿನ್ನವ್ವ. ಅವಳ ದನಿಯಲ್ಲಿ ಅಳುವೂ ಉಳಿದಿರಲಿಲ್ಲ. "ಒಬ್ಬರು ಉತ್ತರ ದಿಕ್ಕಿನ್ಯಾಗ ಅದಾನ ಅಂದ್ರು. ಒಬ್ಬರು ದೀಪಾವಳಿಗಿ ಬರ್ತಾನ ಅಂದ್ರು. ಮತ್ತೊಬ್ಬರು ಬ್ಯಾರೆ ಜನ್ಮಾ ತಗೊಂಡಾನ ಅಂದ್ರು. ಎಲ್ಲಾರಿಗೂ ಗೊತ್ತೈತಿ. ನೀನರ ಒಂದ ಹೇಳು. ಅದಾನೋ, ಇಲ್ಲೋ?"

ಡೊಳ್ಳು ನಿಂತವು. ರಾಯಪ್ಪನ ಮುಷ್ಟಿಯಲ್ಲಿ ಧೋತರ ಹರಿದುಹೋಗುವಂತೆ ಜಗ್ಗುತ್ತಿತ್ತು. ಹಲ್ಲು ಕಚ್ಚಿ, ಎರಡೂ ಕಾಲು ಊರಿ ನಿಂತರೂ ಅವನು ಒಂದು ಹೆಜ್ಜೆ ಮುಂದಕ್ಕೆ ಜಾರಿದ. ಅಂಥ ನಡುಕವನ್ನು ಅವನ ಕೈ ಎಂದೂ ಕಂಡಿರಲಿಲ್ಲ. ಆ ನಡುಕದೊಳಗಿಂದ, ಬಹಳ ಹೊತ್ತಿನ ಮೇಲೆ, ಒಂದು ದನಿ ಬಂತು.

"ನನಗ ಗೊತ್ತಿಲ್ಲ, ಯವ್ವಾ."

ಅದೇ ದನಿ ಮತ್ತೆ ಬಂತು.

"ಹುಡುಕೂಣು ನಡಿ."

ಮರುದಿನ ಬೆಳಿಗ್ಗೆ ಸಿದ್ರಾಯ ಕುರಿಗಳನ್ನು ರಾಯಪ್ಪನಿಗೆ ಒಪ್ಪಿಸಿ, ಬುತ್ತಿ ಕಟ್ಟಿಕೊಂಡು, ಕೋಲು ಹಿಡಿದು ಹೊರಟ. ಜೊತೆಗೆ ಅವನ ನಾಯಿ, ಧನಪಾಲ, ಜಿನ್ನವ್ವ. ಗೋಕಾಕದಿಂದ ಕೆಳಗೆ, ಮೂಡಲಗಿಯ ಸೀಮೆಯವರೆಗೆ, ಹೊಳೆಯ ಎರಡೂ ದಂಡೆ ಹಿಡಿದು ಹನ್ನೊಂದು ದಿನ ನಡೆದರು. ಹನ್ನೊಂದನೆಯ ದಿನ ಒಂದು ಕಬ್ಬಿನ ಗದ್ದೆಯ ಹೂಳಿನ ಮುಂದೆ ನಾಯಿ ಕೂತುಬಿಟ್ಟಿತು. ಅಂಗಿಯ ಗುಂಡಿಗಳನ್ನು ನೋಡಿ ಜಿನ್ನವ್ವ ಗುರುತು ಹಿಡಿದಳು. ಅವನ್ನು ಹೊಲಿದವಳು ಅವಳೇ. ಆವತ್ತು ಅವಳು ಮೊದಲ ಸಲ ಬಾಯಿ ಬಿಟ್ಟು ಅತ್ತಳು.

ಸುದ್ದಿ ಊರಿಗೆ ಬಂದದ್ದೇ ತಡ, ಕಮಿಟಿಯವರು ಹಿಗ್ಗಿದರು. ದೇವರೇ ದಾರಿ ತೋರಿಸಿದ ಎಂದು ಗೋಡೆಗೆ ಬರೆಸೋಣ ಎಂದರು. ಸಿದ್ರಾಯ ತಲೆ ಅಲ್ಲಾಡಿಸಿದ. "ಅಂವ ತೋರಸಲಿಲ್ಲ. ಗೊತ್ತಿಲ್ಲ ಅಂದ. ಅದಕ್ಕ ನಾವ ಹುಡಿಕಿದಿವಿ."

"ದೇವರಿಗಿ ಗೊತ್ತಿಲ್ಲ ಅನ್ನಾಕ ಆಗತೈತೇನ? ಅವತ್ತ ನಿನ್ನ ಮೈಯಾಗ ದೇವರ ಇದ್ದಿಲ್ಲ, ಅಷ್ಟ."

"ಇದ್ದ."

ಆಗ ಎಲ್ಲರೂ ರಾಯಪ್ಪನ ಕಡೆ ತಿರುಗಿದರು. ನಡುಕಟ್ಟು ಹಿಡಿದವನು ಅವನು. ಅವನೊಂದು ಮಾತು ಹೇಳಿದರೆ ಮುಗಿಯಿತು. ರಾಯಪ್ಪನಿಗೆ ಇಪ್ಪತ್ತು ಮುಖಗಳು ಕಂಡವು, ಉಡದಾರದ ಕೀಲಿಕೈ ನೆನಪಾಯಿತು, ದೇವರಿಗೆ ಗೊತ್ತಿಲ್ಲದ್ದೂ ಒಂದಿದೆ ಎಂಬ ಮಾತು ಗುಡಿಯ ಸೂರನ್ನೇ ಕಳಚಿಬಿಡುತ್ತದೆ ಎನಿಸಿತು.

"ನನ್ನ ಲಕ್ಷ್ಯ ಇರಲಿಲ್ಲಪಾ," ಎಂದ.

ಸಿದ್ರಾಯ ಅವನನ್ನೊಮ್ಮೆ ನೋಡಿದ. ಕಂಬಳಿ ಹೆಗಲಿಗೇರಿಸಿ ಎದ್ದು ಹೋದ. ಇನ್ನು ಈ ಗುಡಿಯ ಹೇಳಿಕೆ ಅವನದಲ್ಲ ಎಂದು ಕಮಿಟಿ ಆವತ್ತೇ ಠರಾವು ಬರೆಯಿತು. ಮರುದಿನ ಎಂದಿನಂತೆ ರಾಯಪ್ಪನ ಕಟ್ಟೆಗೆ ಬಂದು ಕೂತು, "ಸುಣ್ಣಾ ಐತೇನೋ?" ಎಂದು ಕೇಳಿದ. ಆರು ವರ್ಷ ಹಾಗೆಯೇ ಬಂದು ಸುಣ್ಣ ಕೇಳಿದ. ಆ ಮಾತನ್ನು ಮಾತ್ರ ಒಂದು ದಿನವೂ ಎತ್ತಲಿಲ್ಲ. ಬೈದಿದ್ದರೆ ರಾಯಪ್ಪನಿಗೆ ನಿದ್ದೆಯಾದರೂ ಬರುತ್ತಿತ್ತು.

*

ಅಂಗಳದಲ್ಲಿ ಸಿದ್ರಾಯನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಚೆಂಡುಹೂವು, ತಲೆಗೆ ಕೆಂಪು ರುಮಾಲು. ನಿನ್ನೆ ಸಂಜೆ ಕುರಿ ಹೊಡೆದುಕೊಂಡು ಬಂದು ಕಟ್ಟೆಯ ಮೇಲೆ ಕೂತವನು ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಹೆಂಗಸರ ನಡುವೆ ನೆರೆಮನೆಯ ಕೆಂಪವ್ವ ಹಾಡಿಕೊಂಡು ಅಳುತ್ತಿದ್ದಳು.

"ಕುರಿಮರಿಗೆಲ್ಲಾ ಹೆಸರ ಇಟ್ಟಿದ್ಯೋ ಯಪ್ಪಾ, ಇನ್ನ ಯಾರ ಕರದಾರೋ..."

"ಕುರಿಗಿ ಹೆಸರ ಇಟ್ಟಾ ಖರೆ, ನನ್ನ ಒಮ್ಮಿನೂ ಹೆಸರ ಹಿಡದ ಕರೀಲಿಲ್ಲ," ಎಂದಳು ದುಂಡವ್ವ, ಗಂಡನ ರುಮಾಲು ಸರಿಮಾಡುತ್ತ. "ಐವತ್ತ ವರ್ಷ ಬರೇ 'ಏ ಇಕಿನ'." ಅಳುತ್ತಿದ್ದವರಲ್ಲಿ ಇಬ್ಬರು ಸೆರಗಿನಲ್ಲಿ ನಕ್ಕರು. ದುಂಡವ್ವನ ತುಟಿ ಮಾತ್ರ ಅದುರಿತು.

ರಾಯಪ್ಪ ಅವಳ ಬಳಿ ಕುಕ್ಕರಗಾಲಲ್ಲಿ ಕೂತು, ಉಮೇಶ ಹೇಳಿದ್ದನ್ನು ಹೇಳಿದ.

"ಜ್ವರಾ?" ದುಂಡವ್ವ ಅವನನ್ನೇ ನೋಡಿದಳು. "ಆವತ್ತ ಎರಡ ರೊಟ್ಟಿ ಹೆಚ್ಚಿಗಿ ತಿಂದ ಹೋಗಿದ್ದ."

"ಹೌದ ಅತ್ತಿಗಿ."

"ಹುಟ್ಟಿದಾಗಿಂದ ಆ ಡೊಳ್ಳಿನ ಮುಂದ ಕುಣದಾಂವ. ಡೊಳ್ಳಿಲ್ಲದ ಕಳಸಾಕ ನನ್ನ ಜೀವಾ ಒಲ್ಲದು." ಅವಳು ದನಿ ತಗ್ಗಿಸಿದಳು. "ನಾ ಗುಡಿ ಒಳಗ ಇದ್ದಿಲ್ಲ ರಾಯಪ್ಪ. ಅಂವನ ನಡಾ ಹಿಡದಾಂವ ನೀ. ನೀ ಹೇಳು, ದೇವರ ಇದ್ದಿಲ್ಲ ಅಂತ ಹೇಳ್ಲ್ಯಾ? ನೀ ಹ್ಞೂಂ ಅಂದ್ರ ಈಗ ಎದ್ದ ನಿಂತ ಹೇಳ್ತೀನಿ."

ಎದುರಿಗೆ ಸಿದ್ರಾಯ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಸುಣ್ಣ ಕೇಳಲು ಬಂದವನಂತೆ ಕೂತಿದ್ದ.

ಅಷ್ಟರಲ್ಲಿ ಅಂಗಳದ ಬಾಯಲ್ಲಿ ಟಂಟಂ ರಿಕ್ಷಾ ನಿಂತು, ಧನಪಾಲ ಮತ್ತು ಜಿನ್ನವ್ವ ಇಳಿದರು. ಜಿನ್ನವ್ವ ನೇರವಾಗಿ ಬಂದು ಸಿದ್ರಾಯನ ಪಾದದ ಬಳಿ ಒಂದು ಹೊಸ ಬಿಳಿ ಧೋತರ ಇಟ್ಟಳು. ಇಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು.

"ಎಲ್ಲಾರೂ ಹೇಳ್ರಿ ಅಂದ್ರ ಹೇಳ್ತಾರ," ಎಂದ ಧನಪಾಲ, ಯಾರಿಗೋ ಎಂಬಂತೆ. "ಹನ್ನೊಂದ ದಿನಾ ಜೋಡಿ ನಡ್ಯಾವ್ರು ಯಾರ್ರಿ?"

ಉಮೇಶ ಕಮಿಟಿಯ ನಾಲ್ಕು ಜನರ ಜೊತೆ ಬೇವಿನ ಮರದ ಕೆಳಗೆ ನಿಂತಿದ್ದ. ಅವನು ದುಂಡವ್ವನ ಕಡೆ ನೋಡುತ್ತಿದ್ದ. ದುಂಡವ್ವ ರಾಯಪ್ಪನ ಕಡೆ ನೋಡುತ್ತಿದ್ದಳು.

ರಾಯಪ್ಪ ಮೊಣಕಾಲ ಮೇಲೆ ಕೈಯೂರಿ ಎದ್ದ. ಕೆಂಪವ್ವ ಅಳು ನಿಲ್ಲಿಸಿದಳು.

"ನಡುಕ ಇತ್ತು," ಎಂದ.

"ಏನ್ರಿ ಕಾಕಾ?"

"ಆವತ್ತ ಅಂವನ ಮೈಯಾಗ ದೇವರ ಇದ್ದ, ಉಮೇಶಾ. ಮೂವತ್ತ ವರ್ಷದಾಗ ಹಂತಾ ನಡುಕ ನನ್ನ ಕೈಯಾಗ ಬಂದಿರಲಿಲ್ಲ. ಲಕ್ಷ್ಯ ಇರಲಿಲ್ಲ ಅಂತ ನಾ ಸುಳ್ಳ ಹೇಳ್ದೆ. ಅಂಜಿ ಹೇಳ್ದೆ. ಈ ಮನಶಾ ಅದನ್ನ ಎದಿಯಾಗ ಇಟಗೊಂಡ ಆರ ವರ್ಷ ನನ್ನ ಜೋಡಿ ಎಲಿ ತಿಂದಾನ."

ಬೇವಿನ ಕೆಳಗಿನ ನಾಲ್ವರಲ್ಲಿ ಒಬ್ಬ ಕೇಳಿದ: "ಹಂಗಾರ, ದೇವರಿಗೇ ಗೊತ್ತಿರಲಿಲ್ಲ ಅಂತೀಯೇನ?"

"ಅದೂ ನನಗ ಗೊತ್ತಿಲ್ಲಪಾ."

ಅವನು ಉಡದಾರ ಸಡಿಲಿಸಿ ಕೀಲಿಕೈ ಬಿಚ್ಚಿದ. ಗಂಟು ಹಳೆಯದಾಗಿ ಗಟ್ಟಿಯಾಗಿತ್ತು. ಉಗುರಿನಿಂದ ಬಿಡಿಸಲು ಹೊತ್ತು ಹಿಡಿಯಿತು. ಬಿಚ್ಚಿದ್ದನ್ನು ಉಮೇಶನ ಅಂಗೈಯಲ್ಲಿ ಇಟ್ಟ. ಉಮೇಶ ಅದನ್ನು ಬೇಡವೆನ್ನಲಿಲ್ಲ, ಮುಷ್ಟಿ ಮುಚ್ಚಲೂ ಇಲ್ಲ. ಕಮಿಟಿಯ ಇಬ್ಬರು ಹಿಂದೆ ನೋಡದೆ ಗುಡಿಯ ಕಡೆ ನಡೆದರು.

"ಅತ್ತಿಗಿ," ರಾಯಪ್ಪ ತಿರುಗಿದ, "ನಿನ್ನ ಡೊಳ್ಳ ಕಳದೆ."

ದುಂಡವ್ವ ಮೂಗು ಒರೆಸಿಕೊಂಡಳು. "ಸುಳ್ಳ ಹೇಳಿ ಡೊಳ್ಳ ಹಚ್ಚಿ ಕಳಿಸಿದ್ರ, ಅರ್ಧಾ ದಾರಿಯಿಂದ ಹೊಳ್ಳಿ ಬಂದ ನನ್ನ ಜೋಡಿ ಜಗಳಾ ತಗೀತಿದ್ದ. ಇರ್ಲಿ." ಎದ್ದು ಅಡುಗೆಮನೆಗೆ ಹೋದಳು. ಅರಿಷಿಣದ ಡಬ್ಬಿಯನ್ನೇ ತಂದು ಗಂಡನ ನೆತ್ತಿಯ ಮೇಲೆ ಪೂರ್ತಿ ಸುರಿದಳು. "ತಗೋ. ಅಡಗಿಮನಿ ಭಂಡಾರ. ನಾಳಿಗೆ ನನ್ನ ಸಾರಿಗಿ ಇಲ್ಲ."

*

ಡೊಳ್ಳಿಲ್ಲದೆ ಹೊರಟರು. ದಿನ್ನೆಯ ಇಳಿಜಾರಿನಲ್ಲಿ ಹೆಜ್ಜೆಗಳ ಸಪ್ಪಳವಷ್ಟೇ ಇತ್ತು. ಹಿಂದೆ ಬರಬೇಡವೆಂದು ಎಷ್ಟು ಗದರಿದರೂ ನಾಯಿ ಕೇಳಲಿಲ್ಲ. ಹಟ್ಟಿಯಲ್ಲಿ ಕೂಡಿಹಾಕಿದ ಕುರಿಗಳು ಬಹಳ ದೂರದವರೆಗೆ ಕೇಳುತ್ತಿದ್ದವು.

ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಒಳಗೆ ಇಳಿದು ಹೆಣ ತೆಗೆದುಕೊಳ್ಳುವವರು ಯಾರು ಎಂದು ಹಿರಿಯರು ನೋಡುತ್ತಿರುವಾಗ, ಉಮೇಶ ಪ್ಯಾಂಟು ಮೊಣಕಾಲಿಗೆ ಮಡಿಚಿಕೊಂಡು ತಾನೇ ಇಳಿದ.

ರಾಯಪ್ಪ ಜಿನ್ನವ್ವ ತಂದ ಧೋತರ ಬಿಡಿಸಿ, ತೊಡೆಯ ಮೇಲಿಟ್ಟು, ಮೊದಲು ಹೊಸೆಯುತ್ತಿದ್ದಂತೆ ಹೊಸೆದ. ಸಿದ್ರಾಯನ ನಡುವಿಗೆ ಸುತ್ತಿ ಗಂಟು ಹಾಕಿದ. ಎಂದೂ ಬೆನ್ನ ಹಿಂದೆ ಬೀಳುತ್ತಿದ್ದ ಗಂಟು ಇವತ್ತು ಎದುರಿಗೆ ಬಂತು. ಮೂವತ್ತು ವರ್ಷ ಆ ತುದಿ ಹಿಡಿದಾಗ ಕಾಣದೆ ಉಳಿದಿದ್ದ ಮುಖ ಈಗ, ಅರಿಷಿಣ ಮೆತ್ತಿಕೊಂಡು, ತನ್ನ ಕಡೆಗೇ ಇತ್ತು. ತುದಿಯನ್ನು ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡು ಅವನು ಕುಣಿಯ ಅಂಚಿಗೆ ಕೂತ.

"ಹಗೂರಕ," ಎಂದ. "ಬೀಳಬಾರದು."

ಇಳಿಸಿದರು. ಧೋತರ ಬಿಗಿಯಾಗುತ್ತ, ಉದ್ದವಾಗುತ್ತ ಹೋಯಿತು. ಕೆಳಗಿನಿಂದ ಉಮೇಶ ತಲೆಯನ್ನು ತನ್ನ ತೋಳಿನ ಮೇಲೆ ತೆಗೆದುಕೊಂಡು ಮೆಲ್ಲಗೆ ಮಣ್ಣಿಗಿಟ್ಟ.

"ಮುಟ್ಟಿತ್ರಿ ಕಾಕಾ. ಬಿಡ್ರಿ ಇನ್ನ."

ರಾಯಪ್ಪ ಬಿಡಲಿಲ್ಲ.

"ಕಾಕಾ."

ಗಂಟು ಸಡಿಲಿಸೋಣವೆಂದು ಉಮೇಶ ಬಿಗಿದ ಬಟ್ಟೆಯ ಮೇಲೆ ಕೈಯಿಟ್ಟ. ಇಟ್ಟ ಕೈ ಅಲ್ಲೇ ನಿಂತಿತು. ಧೋತರ ಆ ತುದಿಯಿಂದ ಈ ತುದಿಯವರೆಗೆ ಸಣ್ಣಗೆ ನಡುಗುತ್ತಿತ್ತು. ಅವನು ತಲೆಯೆತ್ತಿ ಮೇಲೆ ಕೂತ ಮುದುಕನ ಮುಷ್ಟಿಯನ್ನು ನೋಡಿದ. ಮತ್ತೆ ಕೆಳಗೆ ಸಿದ್ರಾಯನನ್ನು ನೋಡಿದ. ಕೈ ತೆಗೆಯದೆ, ಮಣ್ಣು ಹಿಡಿದು ಕಾಯುತ್ತಿದ್ದ ಮಂದಿಗೆ ಇನ್ನೊಂದು ಕೈಯಿಂದ ತಡೆಯಿರೆಂದು ಸನ್ನೆ ಮಾಡಿದ.