ಅಲಗಿನ ಗೀರು

ಕಣ್ಣಿಗೆ ಪೊರೆ ಬಂದ ಮೇಲೆ ಕರಿಯಪ್ಪ ಕತ್ತಿ ಮಾಡುವುದನ್ನು ಬಿಟ್ಟಿದ್ದ. ಕೆ.ಆರ್. ಪೇಟೆ ರಸ್ತೆಯ ಅವನ ಕುಲುಮೆಯಲ್ಲಿ ಈಗ ಬರೀ ಗುದ್ದಲಿ ಬಡಿಯುವ ಕೆಲಸ. ಕತ್ತಿಯ ಕೆಲಸ ಮನೆ ಬಿಟ್ಟು ಹೋಗಬಾರದೆಂದು ಸೊಸೆ ಹೇಮಶ್ರೀ ಹಟ ಹಿಡಿದಳು. ತೆಂಗಿನ ಮರದಿಂದ ನೀರಾ ಇಳಿಸುವ ಚಲುವಯ್ಯನಿಗೆ ತಾನೇ ಒಂದು ಕತ್ತಿ ಮಾಡಿಕೊಡುವುದಾಗಿ ಮಾತು ಕೊಟ್ಟಳು. ಅವನು ಒಪ್ಪಿದರೆ ಮರ ಹತ್ತುವ ಮಿಕ್ಕವರೂ ಬರುತ್ತಾರೆ; ಒಪ್ಪದಿದ್ದರೆ ಗುದ್ದಲಿಯೇ ಗತಿ.

ನೀರಾ ಕತ್ತಿಗೆ ಹರಿತವೊಂದೇ ಸಾಲದು. ಹೊಂಬಾಳೆಯ ತುದಿಯನ್ನು ದಿನಾ ಕಾಗದದಷ್ಟು ತೆಳುವಾಗಿ ಸವರಬೇಕು. ಅಲಗಿನ ಮೈ ಒರಟಾದರೆ ಹೊಂಬಾಳೆ ಸೀಳಿಹೋಗಿ, ನೀರಾ ತೊಟ್ಟಿಕ್ಕುವುದೇ ನಿಂತುಹೋಗುತ್ತದೆ.

ಹೇಮಶ್ರೀ ಅರ ಹಾಕಿ, ಒರಟು ಉಪ್ಪುಕಾಗದ, ಆಮೇಲೆ ನಯದ್ದು ಹಿಡಿದು ಉಜ್ಜಿದ್ದಳು. ಕರಿಯಪ್ಪ ಅಲಗಿನ ಮೇಲೆ ಉಗುರು ಎಳೆದು ನೋಡಿ, ಆಯಿತೆಂದ. ಚಲುವಯ್ಯ ಆಗಲೇ ಬಂದು, ಬೈಕಿನ ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದ. ಕೊಡುವ ಮುಂಚೆ ಎಣ್ಣೆ ಸವರಿ ಬಿಸಿಲಿಗೆ ಓರೆ ಹಿಡಿದಳು. ಹೊಳಪಿನ ಅಡಿಯಲ್ಲಿ ಕೂದಲೆಳೆಯಂಥ ಅಡ್ಡಗೀರುಗಳು. ಅರ ಓಡಿದ ದಿಕ್ಕಿಗೇ ಕಾಗದವನ್ನೂ ಓಡಿಸಿದ್ದಳು. ಸಣ್ಣ ಗೀರು ದಪ್ಪ ಗೀರನ್ನು ಮುಚ್ಚಿಕೊಂಡು ಕೂತಿತ್ತು.

ಮಾವನಿಗೆ ಕಾಣದು. ಚಲುವಯ್ಯನೂ ಈಗ ಗಮನಿಸಲಾರ. ಆದರೆ ಮರದ ಮೇಲೆ ತಿಳಿಯದೆ ಇರದು.

“ಇವತ್ತು ಕೊಡಕ್ಕಾಗಕಿಲ್ಲ ಚಲುವಣ್ಣ. ಅರದ ಗೀರು ಉಳ್ಕಂಡದೆ.”

“ನಾನು ಕೇಳಿದ್ದು ಕತ್ತಿ ಕಣವ್ವ, ಮೊಕ ನೋಡ್ಕಳ ಕನ್ನಡಿ ಅಲ್ಲ.”

ಇನ್ನೂ ಉಜ್ಜಿದರೆ ಅಲಗು ಸವೆದುಹೋಗುತ್ತದೆ, ಕೊಟ್ಟುಬಿಡು ಎಂದು ಕರಿಯಪ್ಪನೂ ಹೇಳಿದ.

“ಸವೆದ್ರೆ ಇನ್ನೊಂದು ಬಡಿಯಾನ ಬುಡಿ ಮಾವ.”

ಚಲುವಯ್ಯ ಗೊಣಗುತ್ತ ಹಳೇ ಕತ್ತಿಯನ್ನೇ ಸಿಕ್ಕಿಸಿಕೊಂಡು ಹೋದ. ಹೇಮಶ್ರೀ ಮತ್ತೆ ಒರಟು ಕಾಗದಕ್ಕೆ ಇಳಿದಳು. ಈ ಸಲ ಅಲಗಿನ ಉದ್ದಕ್ಕೆ. ಅಡ್ಡಗೀರು ಪೂರ್ತಿ ಅಳಿಯುವ ತನಕ ನಯದ ಕಾಗದ ಮುಟ್ಟಲಿಲ್ಲ. ಮುಟ್ಟಿದಾಗ ದಿಕ್ಕು ಬದಲಿಸಿದಳು. ಬೆರಳ ತುದಿ ಸುಲಿಯಿತು, ಬಟ್ಟೆ ಸುತ್ತಿಕೊಂಡಳು. ಬಿಸಿಲು ಇಳಿದಾಗ ಎತ್ತಿಟ್ಟು, ಮರುದಿನ ಬೆಳಗಿನ ಬಿಸಿಲಿಗೆ ಮತ್ತೆ ಕೂತಳು.

ಸಂಜೆ ಬಂದ ಚಲುವಯ್ಯ ಅಲಗನ್ನು ಹಿಂದೆ ಮುಂದೆ ಓರೆ ಮಾಡಿ ತಪ್ಪು ಹುಡುಕಿದ. ಸಿಗಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟ. ಹೇಮಶ್ರೀ ವಾರವೆಲ್ಲ ರಸ್ತೆ ಕಡೆ ಕಿವಿಯಿಟ್ಟೇ ಗುದ್ದಲಿ ಬಡಿದಳು.

ಕೊನೆಗೆ ಬೈಕು ಬಂತು.

“ನನ್ ಜೊತೆ ಮರ ಹತ್ತೋ ಕುಳ್ಳಯ್ಯಂಗೂ ಒಂದು ಬೇಕಂತೆ,” ಎಂದ ಚಲುವಯ್ಯ. “ಅವಸರ ಮಾಡ್ಬ್ಯಾಡ ಕಣ್ಲಾ, ಗೀರು ಹೋಗೋಗಂಟ ಆಯಮ್ಮ ಕೊಡಕಿಲ್ಲ ಅಂತ ಅವಂಗೆ ಮೊದ್ಲೇ ಹೇಳಿವ್ನಿ.”

ಹೇಮಶ್ರೀ ಹಿಂದಿರುಗಿ ನೋಡುವಷ್ಟರಲ್ಲಿ ಕರಿಯಪ್ಪ ಗುಜರಿಯ ರಾಶಿಗೆ ಕೈ ಹಾಕಿ, ಒಳ್ಳೆಯ ಉಕ್ಕಿನ ಪಟ್ಟಿ ತಡಕುತ್ತಿದ್ದ.