ಜುಲೈ ಚಳಿಯಲ್ಲಿ ಕಳಚಿದ ಬಾಗಿಲು

ಕೀನ್ಯಾದ ಇಡೀ ಕಿಯಾಂಬು ಕೌಂಟಿಯಲ್ಲಿ ಬಾಗಿಲು ಕಳಚುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಒಳಗಿದ್ದವರು ಸೀನಿ ಮುಗಿಸುವಷ್ಟರಲ್ಲಿ ಬಾಗಿಲು ನನ್ನ ಹೆಗಲ ಮೇಲಿರುತ್ತದೆ. ಹೊಸ ರಸ್ತೆ ಬಂದ ಮೇಲೆ ನಮ್ಮ ಗುಡ್ಡದೂರು ಲಿಮುರುವಿನ ಬಾಡಿಗೆಗಳು ಆಕಾಶಕ್ಕೆ ಹಾರಿ ಮೋಡದಲ್ಲಿ ಸಿಕ್ಕಿಕೊಂಡಿವೆ. ಕೊಡಲಾಗದವರನ್ನು ಮಾಲೀಕರು ಬೈದು ಓಡಿಸುವುದಿಲ್ಲ, ಬಾಗಿಲು ಕಳಚಿಸುತ್ತಾರೆ. ಉಳಿದದ್ದನ್ನು ಇಲ್ಲಿಯ ಮೂಳೆ ಕೊರೆಯುವ ಜುಲೈ ಚಳಿ ನೋಡಿಕೊಳ್ಳುತ್ತದೆ.

ಒಂದು ಸಂಜೆ ಬಾಡಿಗೆ ಬಾಕಿಯಿದ್ದ ಕೆಮುಂಟೊಳ ಮನೆಗೆ ಹೋದೆ. ಅವಳು ಹೊಸ್ತಿಲಲ್ಲೇ ಕೂತಿದ್ದಳು. ಒಳಗೆ ಅವಳ ಮಗು ಕೆಮ್ಮುತ್ತಿತ್ತು.

"ಏನಣ್ಣಾ, ನಿನ್ ಮನೇಗೆ ಬಾಗಿಲಿಲ್ವಾ? ನಮ್ದೇ ಬೇಕಿತ್ತಾ?"

"ನಮ್ಮನೇಲಿ ನೂರು ಬಾಗಿಲಿದೆ ತಾಯಿ, ಗೋಡೆ ಒಂದೂ ಇಲ್ಲ."

ಅವಳು ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ನಾಳೆ ಖಾಲಿ ಮಾಡ್ತೀನಿ. ಇವತ್ತೊಂದ್ ರಾತ್ರಿ ಬಿಟ್ಬಿಡು. ಮಗೂಗೆ ಎದೆ ಕಟ್ಟಿದೆ ಕಣಣ್ಣಾ."

"ಎಲ್ಲಾರೂ ನಾಳೇನೇ ಅಂತಾರೆ. ಕಳಚೋ!" ಎಂದ ಹಿಂದೆ ನಿಂತಿದ್ದ ಮಾಲೀಕ ಕರುಗಾ.

ಕಳಚಿದೆ. ಅವಳು ಹೊದ್ದಿದ್ದ ಮೇಲುಬಟ್ಟೆ ತೆಗೆದುಕೊಟ್ಟಳು. ಬಾಗಿಲಿದ್ದ ಜಾಗಕ್ಕೆ ಅದನ್ನೇ ಮೊಳೆ ಹೊಡೆದು ಕೂರಿಸಿದೆ. ಸಿಂಹ ಬಂದರೂ ಹರಿಯದಷ್ಟು ಭದ್ರ. ಚಳಿ ಮಾತ್ರ ಅದರೊಳಗಿಂದಲೇ ನುಗ್ಗಿತು.

ಬೆಳಿಗ್ಗೆ ಬಾಗಿಲು ಮತ್ತೆ ಕೂರಿಸಲು ನಾನು ಬಂದಿದ್ದೆ. ಕರುಗಾ ಹೊಸ ಬಾಡಿಗೆದಾರನನ್ನು ಕರೆತಂದಾಗ ಕೆಮ್ಮು ಕೇಳಿಸಲಿಲ್ಲ. ಮಗು ಕೆಮುಂಟೊಳ ಮಡಿಲಲ್ಲಿ ತಣ್ಣಗಾಗಿತ್ತು. ಹೊಸಬ ಟೋಪಿ ತೆಗೆದು ತುಸು ಹೊತ್ತು ತಲೆ ತಗ್ಗಿಸಿ ನಿಂತ. ಆಮೇಲೆ ಕರುಗಾನ ಕಿವಿಯ ಹತ್ತಿರ ಬಗ್ಗಿ, "ಬಾಡಿಗೆ ಎಷ್ಟು?" ಎಂದು ಕೇಳಿದ.