ಮಲದಲ್ಲಿ ಏನೂ ಇಲ್ಲ

ತಮ್ಮನಿಗೆ ತನ್ನದೊಂದು ಕಿಡ್ನಿ ಕೊಡುವಾಗ ಅಕ್ಕ ಹಿಂದೆಮುಂದೆ ನೋಡಿರಲಿಲ್ಲ. ಈಗ ಅವನು ಗೋಡೆ ಹಿಡಿದುಕೊಂಡು ಕಕ್ಕಸಿಗೆ ಹೋಗುವುದನ್ನು ಕಂಡಾಗಲೆಲ್ಲ ಅವಳ ಮೈ ಉರಿಯುತ್ತಿತ್ತು. ತಿಂಗಳುಗಟ್ಟಲೆ ಭೇದಿ. ಹೊಲಿಗೆ ಅಂಗಡಿ ಮುಚ್ಚಿ ಬಂದವಳಿಗೆ ಅವನ ಪ್ಯಾಂಟು ಚಿಕ್ಕದು ಮಾಡುವುದೇ ಕೆಲಸ.

"ನಿಜ ಹೇಳೋ, ಹೊರಗಡೆ ಏನು ತಿಂದೆ?"

"ನಿನ್ನಾಣೆ ಅಕ್ಕ, ನೀನು ಬಡಿಸಿದ್ದು ಬಿಟ್ಟು ಬೇರೇನೂ ಮುಟ್ಟಿಲ್ಲ."

ಅವಳು ನಂಬಲಿಲ್ಲ, ಸುಳ್ಳುಗಾರ ಎಂದು ಬೈದಳು. ಯಾಕೆಂದರೆ ಕಿಡ್ನಿ ಹಾಕಿದ ಆಸ್ಪತ್ರೆಯ ದೊಡ್ಡ ಡಾಕ್ಟರು ಪ್ರತಿ ಸಲವೂ ರಿಪೋರ್ಟಿನ ಮೇಲೆ ಕಣ್ಣಾಡಿಸಿ, "ಮಲದಲ್ಲಿ ಏನೂ ಇಲ್ಲ. ನಾಲಿಗೆ ಹಿಡಿತದಲ್ಲಿ ಇಟ್ಕೊಳ್ಳೋಕೆ ಹೇಳಿ" ಎನ್ನುತ್ತಿದ್ದರು.

ಒಂದು ದಿನ ತಮ್ಮ ಬಚ್ಚಲಲ್ಲಿ ಕುಸಿದುಬಿದ್ದ. ಅದೇ ಆಸ್ಪತ್ರೆಯ ವಾರ್ಡಿಗೆ ಸೇರಿಸಿ ಡ್ರಿಪ್ ಹಾಕಿದರು. ಮೈಯ ನೀರು ಬತ್ತಿ ಅಕ್ಕ ಕೊಟ್ಟ ಕಿಡ್ನಿಯೂ ಸೊರಗಿದೆ ಎಂದರು. ಅಲ್ಲಿಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಹಳೆಯ ರಿಪೋರ್ಟುಗಳನ್ನೆಲ್ಲ ತಿರುವಿಹಾಕಿ, "ಪಿಸಿಆರ್ ಮಾಡಿಸೇ ಇಲ್ವಾ?" ಎಂದರು.

"ಹಾಗಂದ್ರೆ?"

"ಮೈಕ್ರೋಸ್ಕೋಪಲ್ಲಿ ಕೆಲವು ಕ್ರಿಮಿಗಳು ಕಣ್ತಪ್ಪಿ ಹೋಗ್ತವೆ. ಪಿಸಿಆರ್ ಅವುಗಳ ಡಿಎನ್‌ಎಯನ್ನೇ ಹುಡುಕುತ್ತೆ. ಕಿಡ್ನಿ ಹಾಕಿಸಿಕೊಂಡೋರಿಗೆ, ದೇಹ ಅದನ್ನ ತಿರಸ್ಕರಿಸದಿರಲಿ ಅಂತ, ರೋಗ ತಡೆಯೋ ಶಕ್ತಿಯನ್ನ ನಾವೇ ಔಷಧಿ ಕೊಟ್ಟು ಕುಗ್ಗಿಸಿರ್ತೀವಿ. ಬೇರೆಯವರಿಗೆ ತಾನಾಗಿ ವಾಸಿಯಾಗೋ ಭೇದಿ ಇವರನ್ನ ಹಿಂಡಿಹಾಕುತ್ತೆ."

"ಅದನ್ನ ಎಲ್ಲಿ ಮಾಡ್ತಾರೆ?"

"ಇಲ್ಲೇ, ಕೆಳಗಿನ ಮಹಡೀಲಿ."

ಆ ಮಹಡಿ ದಾಟಿಕೊಂಡೇ ಅಕ್ಕ ಇಷ್ಟು ದಿನ ಹತ್ತಿ ಇಳಿದಿದ್ದಳು.

ಮರುದಿನವೇ ಗೊತ್ತಾಯಿತು: ಕ್ರಿಪ್ಟೋಸ್ಪೊರಿಡಿಯಂ. ಕರುಳಿನಲ್ಲಿ ಬೀಡುಬಿಡುವ ಪರಾವಲಂಬಿ. ಕ್ಲೋರಿನ್ ಹಾಕಿದ ನೀರಿನಲ್ಲೂ ಬದುಕುವಂಥದ್ದು. ಡಾಕ್ಟರಮ್ಮ ಹೊಸ ಔಷಧಿ ಶುರುಮಾಡಿ, ರೋಗ ತಡೆಯುವ ಶಕ್ತಿ ಕುಗ್ಗಿಸುವ ಹಳೆಯ ಔಷಧಿಗಳ ಪ್ರಮಾಣ ಇಳಿಸಿದರು.

ದೊಡ್ಡ ಡಾಕ್ಟರು ಕಾರಿಡಾರಿನಲ್ಲಿ ನಗುನಗುತ್ತಲೇ ಸಿಕ್ಕರು. "ಅಪರೂಪದ ಕೇಸಮ್ಮ ಇದು! ಸಮ್ಮೇಳನದಲ್ಲಿ ಮಾತಾಡೋಣ ಅಂತಿದ್ದೀನಿ. ನಿಮ್ಮದೊಂದು ಒಪ್ಪಿಗೆ..."

"ಮಾತಾಡಿ ಸಾರ್, ಖಂಡಿತಾ ಮಾತಾಡಿ!" ಅಕ್ಕನ ದನಿಗೆ ಕಾದು ಕುಳಿತಿದ್ದವರ ಇಡೀ ಸಾಲು ತಿರುಗಿ ನೋಡಿತು. "ಕಾಣಲಿಲ್ಲ ಅನ್ನೋ ಬದಲು ಇಲ್ಲವೇ ಇಲ್ಲ ಅಂದ್ರಲ್ಲ, ಅದನ್ನೂ ಹೇಳಿ. ನಾನು ಕೊಟ್ಟ ಕಿಡ್ನಿ ನಿಮ್ಮ ಕಣ್ಣೆದುರೇ ಸೊರಗಿದ್ದನ್ನೂ ಹೇಳಿ. ನಿಮ್ಮ ಮಾತು ಕೇಳಿ ಒಡಹುಟ್ಟಿದವನನ್ನ ಸುಳ್ಳುಗಾರ ಅಂದೆನಲ್ಲ, ಅದನ್ನ ಯಾವ ಸಮ್ಮೇಳನದಲ್ಲಿ ಹೇಳ್ತೀರಿ?"

ಡಾಕ್ಟರು ಗಡಿಯಾರ ನೋಡಿಕೊಂಡು ಹೊರಟುಹೋದರು. ಒಪ್ಪಿಗೆ ಅವಳು ಕೊಡಲಿಲ್ಲ.

ಭೇದಿ ನಿಧಾನವಾಗಿ ನಿಂತಿತು. ಕಿಡ್ನಿ ಮಾತ್ರ ಮೊದಲಿನಂತಾಗಲಿಲ್ಲ.

"ಬೈದಿದ್ದೆಲ್ಲ ವಾಪಸ್ ತಗೊಂಡೆ ಕಣೋ," ಎಂದಳು ಅಕ್ಕ, ಮಂಚದ ತುದಿಯಲ್ಲಿ ಕುಳಿತು.

"ವಾಪಸ್ ಯಾಕೆ? ಹಾಗೇ ಆ ಡಾಕ್ಟರಿಗೆ ದಾಟಿಸಿಬಿಡು."

ತಮ್ಮ ನಕ್ಕ. ಅವಳಿಗೆ ನಗು ಬರಲಿಲ್ಲ.